ಹಿಮೋಗ್ಲೋಬಿನ್ ಅನಿಮೇಷನ್‌ಗೆ ಯಾವ ಸಾಫ್ಟ್‌ವೇರ್? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಆಕ್ಸಿಜನ್ ಬಂದು ಕೂತಾಗ ಹಿಮೋಗ್ಲೋಬಿನ್ ಆಕಾರ ಹೇಗೆ ಬದಲಾಗುತ್ತದೆ ಅಂತ ತೋರಿಸುವ ಅರ್ಧ ನಿಮಿಷದ ವಿಡಿಯೋ ಬೇಕು. ಬೋರ್ಡ್ ಮೇಲೆ ಎಷ್ಟು ಬರೆದರೂ ಮಕ್ಕಳಿಗೆ ಅದು ನಾಲ್ಕು ಉಂಡೆ ಅಷ್ಟೇ.

ಅಣುಗಳ ಆಕಾರ ತೋರಿಸುವ ಪೈಮಾಲ್ ಸಾಫ್ಟ್‌ವೇರ್‌ನ ಓಪನ್ ಸೋರ್ಸ್ ಆವೃತ್ತಿ ನೋಡಿದೆ. ತಿರುಗಿಸೋದು, ಜೂಮ್ ಮಾಡೋದು ಸಲೀಸು. ಆದರೆ ಮಾರ್ಫ್ (ಒಂದು ಆಕಾರ ಮೆಲ್ಲಗೆ ಇನ್ನೊಂದಾಗುವಂತೆ ತೋರಿಸೋದು) ಬೇಕಂದ್ರೆ ದುಡ್ಡು ಕೊಡುವ ಆವೃತ್ತಿಯೇ ಬೇಕು. 3ಡಿ ಅನಿಮೇಷನ್ ಸಾಫ್ಟ್‌ವೇರ್ ಬ್ಲೆಂಡರ್‌ಗೆ, ಅಣುಗಳನ್ನು ತೋರಿಸುವ ಮಾಲಿಕ್ಯುಲರ್ ನೋಡ್ಸ್ ಅನ್ನೋ ಆಡ್-ಆನ್ ಸೇರಿಸಿದೆ. ಕಣ್ಣಿಗೆ ಹಬ್ಬ, ನಿಜ. ನನ್ನದು 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ರೆಂಡರ್ ಮುಗಿಯೋಕೆ ಮುಂಚೆ ಕರೆಂಟ್ ಹೋಗುತ್ತದೆ!

ಕೊನೆಗೆ ಕೈಮೆರಾಎಕ್ಸ್, ಇದೂ ಅಣು ತೋರಿಸುವ ಸಾಫ್ಟ್‌ವೇರ್. ಪಾಠದ ಕೆಲಸಕ್ಕೆ ಉಚಿತ, ಮಾರ್ಫ್ ಇದೆ, ಎಂಪಿ4 ನೇರವಾಗಿ ಬರುತ್ತದೆ. ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ಪ್ರೋಟೀನ್ ರಚನೆಗಳ ಆನ್‌ಲೈನ್ ಭಂಡಾರ ಪಿಡಿಬಿಯಿಂದ ಹಿಮೋಗ್ಲೋಬಿನ್‌ನ ಎರಡು ಫೈಲ್, ಆಕ್ಸಿಜನ್ ಇಲ್ಲದ 2ಎಚ್‌ಎಚ್‌ಬಿ, ಆಕ್ಸಿಜನ್ ಇರುವ 1ಎಚ್‌ಎಚ್‌ಒ ಇಳಿಸಿಕೊಂಡೆ. ಮೊದಲನೆಯದರಲ್ಲಿ ನಾಲ್ಕು ಪ್ರೋಟೀನ್ ಸರಪಳಿ, ಎರಡನೆಯದರಲ್ಲಿ ಎರಡೇ. ಉಳಿದರ್ಧವನ್ನು ಸಿಮೆಟ್ರಿಯಿಂದ ಕಟ್ಟಿಕೊಳ್ಳಬೇಕು. ಅದಕ್ಕಿರುವ ಸಿಮ್ (sym) ಕಮಾಂಡ್ ಕೊಟ್ಟರೆ ಪೂರ್ತಿ ಅಣು ತೆರೆ ಮೇಲೇನೋ ಬರುತ್ತದೆ, ಆದರೆ ಎರಡೂ ಅರ್ಧ ಬೇರೆ ಬೇರೆ ಮಾಡೆಲ್ ಆಗಿಯೇ ಉಳಿಯುತ್ತವೆ. ಮಾರ್ಫ್‌ಗೆ ಸರಪಳಿ ಜೋಡಿ ಹೊಂದುತ್ತಿಲ್ಲ.

ಇವನ್ನು ಒಂದೇ ಮಾಡೆಲ್ ಮಾಡಿ, ಸರಪಳಿ ಹೆಸರನ್ನು 2ಎಚ್‌ಎಚ್‌ಬಿಗೆ ಹೊಂದಿಸೋದು ಹೇಗೆ? ಅಥವಾ ಇದನ್ನು ಬಿಟ್ಟು, ಇಂಥ ಲ್ಯಾಪ್‌ಟಾಪ್‌ನಲ್ಲೇ ಸುಲಭವಾಗಿ ಮಾರ್ಫ್ ಮಾಡುವ ಬೇರೆ ಉಚಿತ ಸಾಫ್ಟ್‌ವೇರ್ ಇದೆಯಾ? ಕೈಯಾರೆ ಮಾಡಿ ನೋಡಿದವರು ಹೇಳಿದರೆ ಒಳ್ಳೆಯದು.