ಮುರಿಯುವವರೆಗೂ ಮಷೀನ್ ಸೂಜಿ ಬದಲಾಯಿಸಬಾರದಾ?

ಹೊಲಿಗೆ_ಹುಚ್ಚಿ: ಕಾಟನ್ ಚೆನ್ನಾಗಿಯೇ ಹೊಲಿಯುವ ಮಷೀನ್, ರೇಷ್ಮೆ ಬ್ಲೌಸ್ ಇಟ್ಟರೆ ಸಾಕು, ಹೊಲಿಗೆ ಪಕ್ಕದಲ್ಲೇ ಬಟ್ಟೆಯ ಎಳೆ ಎಳೆದುಕೊಂಡು ಗೆರೆ ಬೀಳುತ್ತದೆ. ದಾರದ ಬಿಗಿತದ ಟೆನ್ಶನ್ ಎಷ್ಟು ತಿರುಗಿಸಿದರೂ ಅಷ್ಟೇ. ಸೂಜಿ 16ನೇ ನಂಬರ್, ಮುರಿದಿಲ್ಲ, ಬಾಗಿಲ್ಲ. ಆದರೂ ಬದಲಾಯಿಸಬೇಕಾ?

ದಾರದುಂಡೆ: ಟೆನ್ಶನ್ ಮುಟ್ಟಬೇಡಿ. 16 ಅಂದರೆ ಜೀನ್ಸ್‌ನಂಥ ದಪ್ಪ ಬಟ್ಟೆಗೆ. ರೇಷ್ಮೆಗೆ 11 ಹಾಕಿ, ತೀರಾ ತೆಳುವಾಗಿದ್ದರೆ 9. ಕಾಟನ್‌ಗೆ 14 ಸಾಕು. ಇನ್ನು ಮುರಿದಿಲ್ಲ ಅನ್ನುವುದು ಲೆಕ್ಕಕ್ಕೇ ಇಲ್ಲ, ಮೊನೆ ಮೊಂಡಾದರೆ ಅದರ ಕಥೆ ಮುಗಿಯಿತು. ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ, ಗೀರು ಬಿದ್ದರೆ ಎಸೆಯಿರಿ. ಹೊಲಿಯುವಾಗ ಟಕ್ ಟಕ್ ಸದ್ದು, ಅಲ್ಲಲ್ಲಿ ಸ್ಟಿಚ್ ತಪ್ಪುವುದು, ದಾರ ನಾರುನಾರಾಗಿ ತುಂಡಾಗುವುದು, ಎಷ್ಟೋ ಸಲ ಇದೆಲ್ಲ ಸೂಜಿಯದ್ದೇ ಕಾಟ.

ಹೊಲಿಗೆ_ಹುಚ್ಚಿ: ಎಷ್ಟು ದಿನಕ್ಕೊಮ್ಮೆ?

ಮೂಲೆ_ಮಷೀನ್: ದಿನದ ಲೆಕ್ಕ ಬೇಡ. ಸುಮಾರು 8 ಗಂಟೆ ಹೊಲಿಗೆಗೆ ಒಂದು ಸೂಜಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಜರಿ, ಕ್ಯಾನ್ವಾಸ್ ಜಾಸ್ತಿ ಇದ್ದರೆ ಇನ್ನೂ ಬೇಗ. ಗುಂಡುಪಿನ್ನಿಗೆ ಬಡಿದರೆ ಆಗಲೇ ತೆಗೆಯಿರಿ. ಬಿಡಿಯಾಗಿ ಮಾರುವ ಹೆಸರಿಲ್ಲದ ಸೂಜಿ ಸುಮ್ನೆ ತರಬೇಡಿ. ಜಪಾನಿನ ಆರ್ಗನ್, ಜರ್ಮನಿಯ ಗ್ರೋಟ್ಸ್-ಬೆಕರ್ಟ್, ಯಾವುದಾದರೂ ಸೀಲ್ ಇರುವ ಪ್ಯಾಕೆಟ್ ತನ್ನಿ. ರೇಷ್ಮೆ ಬ್ಲೌಸ್ ಪೀಸ್ ಹಾಳಾಗುವುದಕ್ಕಿಂತ ಅಗ್ಗ ಅಲ್ವಾ?

ದಾರದುಂಡೆ: ಲೆಗ್ಗಿಂಗ್ಸ್, ಟೀಶರ್ಟ್‌ಗೆ ಮೊನೆ ದುಂಡಗಿರುವ ಬಾಲ್ ಪಾಯಿಂಟ್ ಸೂಜಿಯೇ ಬೇಕು, ಅದು ಬೇರೆ. ಹಾಕುವಾಗ ಸೂಜಿಯ ಮೈಮೇಲಿನ ಉದ್ದನೆಯ ತಗ್ಗುಗೆರೆ ದಾರ ಒಳಗೆ ಹೋಗುವ ಕಡೆಗಿರಲಿ. ಪೂರ್ತಿ ಮೇಲಕ್ಕೆ ತಳ್ಳಿ, ಆಮೇಲೆ ಸ್ಕ್ರೂ ಬಿಗಿ ಮಾಡಿ.