ಲಕ್ವಾ ಆದಮೇಲೆ ಮೆದುಳು ಉಳಿಸುವ ಔಷಧಿ ಎಲ್ಲಿ ಸಿಗುತ್ತೆ?

ಇಂಡಿ_ಲಿಂಬಿತೋಟ:
ನಮ್ಮ ಕಾಕಾಗೆ ಹೋದ ತಿಂಗಳು ಲಕ್ವಾ ಹೊಡೆಯಿತು. ಸ್ಕ್ಯಾನ್‌ನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತ್ತು. ಬಲಗೈ ಇನ್ನೂ ಪೂರ್ತಿ ಏಳುತ್ತಿಲ್ಲ. ಮಾತು ತೊದಲುತ್ತದೆ, ಆದರೂ ಬೈಯೋದಕ್ಕೇನೂ ಕಮ್ಮಿ ಇಲ್ಲ. ಮೆದುಳಿನ ಜೀವಕೋಶ ಕೊಲ್ಲುವ ಎಂಜೈಮ್ ತಡೆಯೋ ಔಷಧಿ ಬಂದಿದೆ ಅಂತ ವಾಟ್ಸಾಪ್‌ನಲ್ಲಿ ಓದಿದೆ. ವಿಜಯಪುರದಲ್ಲಿ ಸಿಗುತ್ತಾ, ಬೆಳಗಾವಿಗೇ ಹೋಗಬೇಕಾ? ದುಡ್ಡು ಹೇಗಾದರೂ ಹೊಂದಿಸ್ತೀವಿ.

ಜಮಖಂಡಿಯವಳು:
ಸಿಟಿಕೋಲಿನ್ ಕೇಳಿ ನೋಡಿ ಅಣ್ಣಾ. ನಮ್ಮ ಅತ್ತೆಗೆ ಅದನ್ನೇ ಬರೆದುಕೊಟ್ಟಿದ್ದರು.

ಬೆಳಗಾವಿ_ಮೆಡಿಕಲ್:
ಔಷಧಿ ಅಂಗಡಿ ನನ್ನದು. ಗಿರಾಕಿ ವಾಪಸ್ ಕಳಿಸೋದು ನನಗೂ ಇಷ್ಟವಿಲ್ಲ, ಆದರೆ ಆ ಔಷಧಿ ಬೆಳಗಾವಿಯಲ್ಲೂ ಇಲ್ಲ, ಬೆಂಗಳೂರಲ್ಲೂ ಇಲ್ಲ.

ಸುದ್ದಿ ಪೂರ್ತಿ ಸುಳ್ಳಲ್ಲ. ರಕ್ತ ನಿಂತಾಗ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕ್ಯಾಲ್ಪೇನ್ ಅನ್ನೋ ಎಂಜೈಮ್ ಎಚ್ಚರಗೊಂಡು ಜೀವಕೋಶದ ಸ್ವಂತ ಪ್ರೋಟೀನನ್ನೇ ಕತ್ತರಿಸುತ್ತದೆ. ಲಿಪಾಕ್ಸಿಜಿನೇಸ್ ಅನ್ನೋದು ಹೊರಪದರದ ಕೊಬ್ಬನ್ನು ಕೆಡಿಸುತ್ತದೆ. ಇವನ್ನು ತಡೆದು ಇಲಿಗಳ ಮೆದುಳು ಉಳಿಸಿದ್ದಾರೆ. ಇಲಿಗೆ ಆದದ್ದು ಮನುಷ್ಯರಿಗೆ ಆಗಲಿಲ್ಲ, ಅಷ್ಟೇ. ಲಕ್ವಾಕ್ಕೆ ಪ್ರಯೋಗವಾದ ಚಿಕಿತ್ಸೆಗಳನ್ನು 2006ರಲ್ಲಿ ಒಬ್ಬರು ಎಣಿಸಿದಾಗ 1026 ಸಿಕ್ಕವು! ಆಮೇಲೆ ನೆರಿನೆಟೈಡ್ ಅನ್ನೋ ಮೆದುಳು ಉಳಿಸುವ ಔಷಧಿ ಪರೀಕ್ಷೆಗೆ ಬಂತು. ಅದು ಎಂಜೈಮ್ ತಡೆಯೋದಲ್ಲ, ಬೇರೆ ಜಾತಿ. 2020ರ ಪರೀಕ್ಷೆಯಲ್ಲಿ ಅದೂ ಒಟ್ಟಾರೆ ಗೆಲ್ಲಲಿಲ್ಲ. ಹೆಪ್ಪು ಕರಗಿಸೋ ಇಂಜೆಕ್ಷನ್ನಿಂದ ಹುಟ್ಟುವ ಪ್ಲಾಸ್ಮಿನ್ ಎಂಜೈಮ್ ಈ ನೆರಿನೆಟೈಡನ್ನೇ ಕತ್ತರಿಸಿ ಹಾಕುತ್ತೆ.

ಜಮಖಂಡಿ ಅಕ್ಕಾ, ಸಿಟಿಕೋಲಿನ್ ನಾನೂ ಮಾರುತ್ತೇನೆ. ಆದರೆ ಜರ್ಮನಿ, ಸ್ಪೇನ್, ಪೋರ್ಚುಗಲ್‌ನಲ್ಲಿ 2298 ಜನರ ಮೇಲೆ ನೋಡಿದಾಗ ಔಷಧಿಯೇ ಇಲ್ಲದ ಖೊಟ್ಟಿ ಗುಳಿಗೆಗಿಂತ ಹೆಚ್ಚೇನೂ ಆಗಲಿಲ್ಲ. 2012ರ ಮಾತು.

ಇನ್ನೊಂದು. ಇಂಥ ಔಷಧಿ ನಾಳೆ ಬಂದರೂ ಮೊದಲ ಕೆಲವು ತಾಸುಗಳಿಗೇ ಬೇಕಾಗೋದು. ತಿಂಗಳ ಮೇಲೆ ಕೈಗೆ ಬೇಕಿರೋದು ಫಿಸಿಯೋಥೆರಪಿ. ಆ ದುಡ್ಡು ಅಲ್ಲಿ ಹಾಕಿ.

ಎಂಜೈಮ್ ತಡೆಯೋ ಗುಳಿಗೆ ಬೇಕೇ ಬೇಕು ಅಂದರೆ ಕಾಕಾನ ಚೀಟಿ ತೆಗೆದು ನೋಡಿ. ಆಸ್ಪಿರಿನ್, ಅಟೊರ್ವಾಸ್ಟಾಟಿನ್, ರಾಮಿಪ್ರಿಲ್ ಇವೆಯಾ? ಮೂರೂ ಒಂದೊಂದು ಎಂಜೈಮ್ ತಡೆದೇ ಕೆಲಸ ಮಾಡೋದು. ಒಂದು ಹೆಪ್ಪಿಗೆ, ಒಂದು ಕೊಲೆಸ್ಟ್ರಾಲಿಗೆ, ಒಂದು ಬಿಪಿಗೆ. ಸತ್ತ ಜೀವಕೋಶ ಎಬ್ಬಿಸಲ್ಲ, ಆದರೆ ಇನ್ನೊಂದು ಲಕ್ವಾದ ಅಪಾಯ ಕಮ್ಮಿ ಮಾಡುತ್ತವೆ. ಮೂರನೇ ತಿಂಗಳಿಗೆ ಇವನ್ನೇ ಬಿಟ್ಟು ಕೂರುತ್ತಾರೆ ನಮ್ಮ ಜನ.

ಇಂಡಿ_ಲಿಂಬಿತೋಟ:
ನೋಡಿದೆ ಅಣ್ಣಾರೇ. ಮೂರೂ ಇವೆ. ಅಟೊರ್ವಾ ಪಟ್ಟಿಯಲ್ಲಿ ನಾಲ್ಕೇ ಗುಳಿಗೆ ಖಾಲಿ! ಮೀನಖಂಡ ನೋಯುತ್ತೆ ಅಂತ ಕಾಕಾ ಸುಮ್ನೆ ಬಿಟ್ಟಿದ್ದಾರಂತೆ. ಶುರು ಮಾಡಿಸಲಾ?

ಬೆಳಗಾವಿ_ಮೆಡಿಕಲ್:
ಮೊದಲು ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ನೋವಿನ ವಿಷಯವೂ ಹೇಳಿ. ಡೋಸ್ ಇಳಿಸಬಹುದು, ಬೇರೆ ಗುಳಿಗೆ ಕೊಡಬಹುದು. ಮೂತ್ರ ಕಂದು ಬಣ್ಣ ಬರುತ್ತಿದ್ದರೆ ಫೋನ್ ಸಾಲದು, ಕರೆದುಕೊಂಡೇ ಹೋಗಿ. ಉಳಿದೆರಡು ನಿಲ್ಲಿಸಬೇಡಿ.