ಸಹಾಯ ಬೇಕು: ಸ್ಟೆಲ್ವಿಯೋನಾ, ಮಲೋಯಾನಾ?

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಮ್ಯೂನಿಕ್‌ನಿಂದ ಇಟಲಿಯ ಲೇಕ್ ಕೋಮೋಗೆ ಕಾರಿನಲ್ಲಿ ಹೊರಟಿದ್ದೇವೆ. ಆಸ್ಟ್ರಿಯಾದ ಲ್ಯಾಂಡೆಕ್ ಊರು ದಾಟಿದ ಮೇಲೆ ಯಾವ ದಾರಿ ಅನ್ನೋದು ತೀರ್ಮಾನ ಆಗುತ್ತಿಲ್ಲ.

ಒಂದು, ರೆಶನ್ ಕೆರೆಯ ನೀರಿನ ನಡುವೆ ನಿಂತಿರುವ ಹಳೇ ಚರ್ಚಿನ ಗೋಪುರ ನೋಡಿಕೊಂಡು ಸ್ಟೆಲ್ವಿಯೋ ಪಾಸ್ (ಆಲ್ಪ್ಸ್ ಬೆಟ್ಟ ದಾಟುವ ಘಾಟಿ ದಾರಿ). 2,757 ಮೀಟರ್ ಎತ್ತರ. ಬೆಟ್ಟದ ಕೆಳಗಿನ ಪ್ರಾಡ್ ಊರಿನ ಕಡೆಯಿಂದ 48 ಹೇರ್‌ಪಿನ್ ತಿರುವು, ಪ್ರತಿಯೊಂದಕ್ಕೂ ನಂಬರ್ ಇದೆ. ಅಪ್ಪನಿಗೆ ಒಂದೊಂದೇ ಎಣಿಸಿಕೊಂಡು ಹತ್ತುವ ಆಸೆ. ಆದರೆ ಅಮ್ಮನಿಗೆ ಆಗುಂಬೆ ಘಾಟಿಯಲ್ಲೇ ತಲೆ ತಿರುಗಿ ವಾಂತಿ ಬರುತ್ತದೆ.

ಇನ್ನೊಂದು, ಸ್ವಿಟ್ಜರ್ಲೆಂಡ್‌ನ ಎಂಗಡೀನ್ ಕಣಿವೆಯಲ್ಲಿ ಸೇಂಟ್ ಮೊರಿಟ್ಸ್, ಸಿಲ್ಸ್ ಕೆರೆ ದಾಟಿ ಮಲೋಯಾ ಪಾಸ್. 1,815 ಮೀಟರ್ ಅಷ್ಟೇ. ಕಡಿದಾದ ತಿರುವುಗಳು ಇಳಿಯುವಾಗ ಮಾತ್ರ ಅಲ್ವಾ?

ವಯಸ್ಸಾದವರ ಜೊತೆ ಹೋಗಿಬಂದವರು ದಯವಿಟ್ಟು ಹೇಳಿ. ಬೆಳಿಗ್ಗೆ ಬೇಗ ಹೊರಟರೆ ಸ್ಟೆಲ್ವಿಯೋದಲ್ಲಿ ಬೈಕ್‌ಗಳ ಕಾಟ ಕಡಿಮೆ ಇರುತ್ತಾ? ನಡುವೆ ಅಮ್ಮ ಇಳಿದು ಸುಧಾರಿಸಿಕೊಳ್ಳೋಕೆ ಜಾಗ ಸಿಗುತ್ತಾ?